ತವರಿನಿಂದ ತಂದ ನಾರು

ನನ್ನ ಗಂಡನ ಊರಿನ ಬಾವಿಗೆ ನಾರುಹುಳ ಬಿಟ್ಟವಳು ನಾನೇ. ಮಾರಮ್ಮನೂ ಅಲ್ಲ, ಶನಿಯೂ ಅಲ್ಲ. ಹೀಗೆ ಹೇಳುತ್ತೇನೆಯೇ ಹೊರತು ಅದು ಹೇಗಾಯಿತು, ಯಾವ ದಿನ ಆಯಿತು ಎಂದು ಕೇಳಿದರೆ ನನಗೆ ಇವತ್ತಿಗೂ ಲೆಕ್ಕ ಹತ್ತುವುದಿಲ್ಲ.

ಅದು ಮಹಾರಾಜರ ಕಾಲ. ನನ್ನ ತವರು ಕೊರಟಗೆರೆ ಕಡೆ, ಕಣ್ಣೆತ್ತಿದರೆ ಸಿದ್ದರಬೆಟ್ಟ ಕಾಣುವ ಊರು. ಕೊಟ್ಟಿದ್ದು ಕೊಡಿಗೇನಹಳ್ಳಿ ದಾಟಿ ಪಾವಗಡದ ದಾರಿಯಲ್ಲಿ ಸಿಗುವ ಒಂದು ಕುರಿಗಾರರ ಹಳ್ಳಿಗೆ. ಎರಡು ಊರಿನಲ್ಲೂ ಕುಡಿಯುವ ನೀರಿಗೆ ಮೆಟ್ಟಿಲು ಬಾವಿಯೇ. ಹಗ್ಗ ಇಲ್ಲ, ರಾಟೆ ಇಲ್ಲ. ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿಗೆ ಹೋಗಿ, ಬಿಂದಿಗೆ ಅದ್ದಿ ತರುವುದು.

ತವರಿನ ಬಾವಿಯಲ್ಲಿ ನಾರು ಇತ್ತು. ಪ್ರತಿ ಬೇಸಿಗೆಗೂ ಯಾರದಾದರೂ ಕಾಲಲ್ಲಿ ಒಂದು ಬೊಕ್ಕೆ ಏಳುತ್ತಿತ್ತು. ಕೆಂಡ ಇಟ್ಟಂತೆ ಉರಿದು, ಒಡೆದು, ಒಳಗಿಂದ ಬಿಳಿ ದಾರದ ಹಾಗೆ ಹುಳದ ತುದಿ ಕಾಣಿಸುವುದು. ಅದನ್ನು ಪೊರಕೆ ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಷ್ಟು ಎಳೆಯಬೇಕು. ಅವಸರ ಮಾಡಿ ಕಿತ್ತರೆ ಕಾಲು ಕೆಟ್ಟಿತು ಎಂದೇ ಅರ್ಥ. ನಮ್ಮವ್ವ ಇದಕ್ಕೆ ಒಂದು ಉಪಾಯ ಹೇಳಿಕೊಟ್ಟಿದ್ದಳು. 'ಕೊನೇ ಮೆಟ್ಲಲ್ಲಿ ಕುಂತ್ಕಂಡು ನೀರಿಗೆ ಕಾಲು ಇಳಿಬುಡು. ಉರಿ ತಣ್ಗಾಯ್ತದೆ, ನಾರು ತಾನಾಗೇ ಈಚೆಗೆ ಬತ್ತದೆ.' ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಆ ಕೊನೆಯ ಕಲ್ಲು ಕೂತು ಕೂತು ನುಣ್ಣಗಾಗಿತ್ತು.

ಗಂಡನ ಊರಿನಲ್ಲಿ ನಾರು ಇರಲಿಲ್ಲ. ಮೊದಲು ಇತ್ತಂತೆ. ಒಂದು ಬರದಲ್ಲಿ ಬಾವಿ ತಳ ಕಂಡು ಒಣಗಿತು, ಊರವರೆಲ್ಲ ಸೇರಿ ಹೂಳೆತ್ತಿದರು, ಆಮೇಲೆ ಹೊಸ ನೀರು ಬಂತು. ಅಂದಿನಿಂದ ಒಬ್ಬರ ಕಾಲಿಗೂ ಬಂದಿಲ್ಲ ಎಂದು ಅವರಿಗೆ ದೊಡ್ಡ ಹೆಮ್ಮೆ. ನಾರಿನ ಊರಿನ ಹೆಣ್ಣು ತರಬಾರದು ಎಂದು ಒಂದು ಮಾತೂ ಮಾಡಿಕೊಂಡಿದ್ದರು. ನೋಡಲು ಬಂದಾಗ ನಮ್ಮ ಮಾವನವರು ಅಪ್ಪನನ್ನು ನೇರವಾಗಿ ಕೇಳಿದರು. ಅಪ್ಪ ಮುಖ ಅಲುಗಿಸದೆ 'ನಮ್ಮೂರಾಗೆ ಅಂಥದ್ದೇನೂ ಇಲ್ಲ' ಎಂದ. ಅಪ್ಪನ ಮೊಣಕಾಲ ಕೆಳಗೆ ಮೂರು ಗುರುತಿದ್ದವು, ಪಂಚೆ ಅವನ್ನು ಮುಚ್ಚಿತ್ತು.

ಹಾಗಾಗಿ ನಾನು ತವರಿನಿಂದ ತಂದದ್ದು ಒಂದು ಹಿತ್ತಾಳೆ ಬಿಂದಿಗೆ, ಎರಡು ಕಂಬಳಿ, ಒಂದು ಹುಳ. ಹುಳದ ವಿಷಯ ನನಗೆ ಆಗ ಗೊತ್ತಿರಲಿಲ್ಲ. ಮದುವೆಯಾಗಿ ಎರಡು ತಿಂಗಳಿಗೆ, ಬಿಸಿಲು ನೆತ್ತಿ ಸುಡುವ ಕಾಲದಲ್ಲಿ, ನನ್ನ ಎಡಗಾಲ ಹಿಮ್ಮಡಿಯ ಮೇಲೆ ಬೊಕ್ಕೆ ಎದ್ದಿತು. ನೋಡಿದ ಕೂಡಲೇ ಗೊತ್ತಾಯಿತು. ಬಾಯಿಬಿಟ್ಟರೆ ಬಿಂದಿಗೆ ಸಮೇತ ವಾಪಸು ಕಳಿಸುತ್ತಾರೆ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿ, ಮುಳ್ಳು ತುಳಿದೆ ಎಂದೆ. ಸೀರೆ ಇಳಿಬಿಟ್ಟುಕೊಂಡು ಓಡಾಡಿದೆ. ಎಲ್ಲರಿಗಿಂತ ಮೊದಲು ಬಾವಿಗೆ ಹೋಗಿ ಕೊನೆಯ ಮೆಟ್ಟಿಲಲ್ಲಿ ಕೂತು ನೀರಿಗೆ ಕಾಲು ಬಿಡುತ್ತಿದ್ದೆ. ಅವ್ವ ಹೇಳಿದ್ದು ಸುಳ್ಳಲ್ಲ, ಉರಿ ನಿಜವಾಗಿಯೂ ಇಳಿಯುತ್ತಿತ್ತು. ಆಮೇಲೆ ಅದೇ ನೀರನ್ನು ಬಿಂದಿಗೆಗೆ ತುಂಬಿ ಮನೆಗೆ ತರುತ್ತಿದ್ದೆ. ಸೊಸೆ ಬಹಳ ಚುರುಕು, ಹೊತ್ತಿಗೆ ಮುಂಚೆ ನೀರು ತರುತ್ತಾಳೆ ಎಂದು ಅತ್ತೆ ನಾಲ್ಕು ಜನರ ಮುಂದೆ ಹೇಳಿದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಅದೇ ಬೇಸಿಗೆಯಲ್ಲಿ ಸರ್ಕಾರದ ಕಡೆಯಿಂದ ಹೆಲ್ತ್ ಇನ್‌ಸ್ಪೆಕ್ಟರು ಸೈಕಲ್ ಮೇಲೆ ಬಂದರು. ಊರಿನ ಬಾವಿಗಳನ್ನೆಲ್ಲ ನೋಡಿಕೊಂಡು ಹೋಗುವುದು ಅವರ ಕೆಲಸವಂತೆ. ನಮ್ಮ ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ತೋರಿಸಿದರು. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಪುಟಪುಟ ಹಾರಾಡುತ್ತಿದ್ದವು.

'ಇವೇನ್ ಬುದ್ಧಿ, ನೀರಿಗೂ ಹೇನಾ?' ಎಂದರು ನಮ್ಮ ಅತ್ತೆ.

'ಹಾಗೇ ಅಂದುಕೊಳ್ಳಿ. ನಾರಿನ ಮರಿ ಇವುಗಳ ಹೊಟ್ಟೆಯಲ್ಲಿ ಇರುತ್ತೆ. ಕುಡಿದರೆ ನಿಮ್ಮ ಮೈಗೆ ಬರುತ್ತೆ' ಎಂದರು ಇನ್‌ಸ್ಪೆಕ್ಟರು.

'ನಮ್ಮೂರ ಹೇನು ಅಂಥವಲ್ಲ ಬುಡಿ' ಎಂದರು ಅತ್ತೆ. ಎಲ್ಲರೂ ನಕ್ಕರು.

ಇನ್‌ಸ್ಪೆಕ್ಟರು ಎರಡು ಮಾತು ಹೇಳಿಹೋದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ. ನಾರು ಎದ್ದವರು ಬಾವಿಗೆ ಕಾಲಿಡಬೇಡಿ. ಎರಡೂ ನನ್ನ ಕಿವಿಗೆ ಚೆನ್ನಾಗಿಯೇ ಬಿದ್ದವು. ಮೊದಲನೆಯದನ್ನು ನಂಬಿದೆ. ಎರಡನೆಯದನ್ನು ಕಾಯಿಲೆಯವರ ಒಳ್ಳೆಯದಕ್ಕೆ ಹೇಳಿದ ಪಥ್ಯ ಎಂದುಕೊಂಡೆ, ನೆಗಡಿ ಬಂದವರಿಗೆ ಮಜ್ಜಿಗೆ ಬೇಡ ಎನ್ನುವ ಹಾಗೆ. ಹುಳ ನೀರಿನಿಂದ ಕಾಲಿಗೆ ಬರುತ್ತದೆ ಎಂದು ತಿಳಿಯಿತು. ಕಾಲಿನಿಂದ ನೀರಿಗೆ ಹೋಗುತ್ತದೆ ಎಂದು ನನ್ನ ತಲೆಗೆ ಹೋಗಲಿಲ್ಲ. ಪಥ್ಯ ಮುರಿದರೆ ನೋವು ನನಗೆ ತಾನೇ, ತಾಳಿಕೊಂಡರಾಯಿತು ಎಂದುಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ಮಾತ್ರ ನೀರು ಸೋಸುತ್ತಿದ್ದೆವು. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಗುಡಾಣದ ಬಾಯಿಗೆ ಕಟ್ಟುತ್ತಿದ್ದೆ. ಬೆಳಿಗ್ಗೆ ಬಾವಿಗೆ ಕಾಲು ಬಿಡುವುದು, ಮನೆಗೆ ಬಂದು ಸೋಸುವುದು. ಎರಡನ್ನೂ ಶ್ರದ್ಧೆಯಿಂದಲೇ ಮಾಡಿದೆ. ಇಪ್ಪತ್ತು ದಿನಕ್ಕೆ ಹುಳ ಪೂರ್ತಿ ಬಂತು. ಕಡ್ಡಿ ಸಮೇತ ಒಲೆಗೆ ಹಾಕಿದೆ. ಗಾಯ ಮಾದು ಬಟಾಣಿಯಷ್ಟು ಗುರುತು ಉಳಿಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ನನ್ನ ಗಂಡ ಸೋಸಿದ ನೀರು ಮುಟ್ಟುತ್ತಿರಲಿಲ್ಲ. ಕುರಿ ಹೊಡೆದುಕೊಂಡು ಬಂದವರು ಮೊದಲು ಬಾವಿಗಿಳಿದು ಬೊಗಸೆಯಲ್ಲಿ ಕುಡಿದೇ ಮನೆಗೆ ಬರುತ್ತಿದ್ದರು. ಕೇಳಿದರೆ, 'ನಿನ್ ಸೀರೆ ನೀರು ನೀನೇ ಕುಡಿಯಮ್ಮಿ, ನಂಗೆ ಗಂಗವ್ವನ ನೀರು ಸಾಕು' ಎನ್ನುತ್ತಿದ್ದರು.

ಮುಂದಿನ ಬೇಸಿಗೆಗೆ ಅರ್ಧ ಊರು ಮಲಗಿತು. ಒಬ್ಬರಿಗೆ ಪಾದದಲ್ಲಿ, ಒಬ್ಬರಿಗೆ ತೊಡೆಯಲ್ಲಿ, ಪೂಜಾರಿಗೆ ಎರಡು ಕಾಲಲ್ಲೂ. ನನ್ನ ಗಂಡನಿಗೆ ಬಲಮೊಣಕಾಲ ಪಕ್ಕದಲ್ಲಿ. ಕುರಿ ಮೇಯಿಸಲು ನಾನು ಹೋಗಬೇಕಾಯಿತು. ಅವರಿಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ನಾಲ್ಕನೆಯ ದಿನ ನಾನು ಅಡವಿಯಲ್ಲಿದ್ದಾಗ ಕಡ್ಡಿ ಹಿಡಿದು ಒಂದೇ ಸಲ ಎಳೆದರಂತೆ. ಹುಳ ಒಳಗೇ ತುಂಡಾಯಿತು. ಸಂಜೆ ಬರುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿ ಆಗಿತ್ತು.

ಈಗ ಎಲ್ಲರ ಕಣ್ಣೂ ನನ್ನ ಗುಡಾಣದ ಮೇಲೆ ಬಿತ್ತು. 'ಇಷ್ಟು ವರ್ಸ ಸೋಸ್ದೆ ಕುಡಿದ್ವಿ, ಏನೂ ಆಗ್ಲಿಲ್ಲ. ಇವಳು ಸೋಸೋಕೆ ನಿಂತ ವರ್ಸಾನೇ ಬಂತು' ಎಂದರು ಅತ್ತೆ. 'ಹುಳಾನ ಆರ್ಸಿ ಆರ್ಸಿ ನನ್ ಮಗನಿಗೇ ಕೊಟ್ಟವ್ಳೆ.' ನನಗೂ ಹಾಗೇ ಇರಬಹುದೇನೋ ಅನ್ನಿಸಿತು. ಆದರೆ ಸೋಸಿದ್ದು ಕುಡಿದ ನನಗೆ, ಅತ್ತೆಗೆ, ಮಾವನಿಗೆ ಏನೂ ಆಗಿರಲಿಲ್ಲ. ಕುಡಿಯದ ಮಗನಿಗೆ ಬಂದಿತ್ತು. ಸೋಸದ ಪಕ್ಕದ ಮನೆಯವರಿಗೂ ಬಂದಿರಲಿಲ್ಲ. ಹೇಗೆ ಜೋಡಿಸಿದರೂ ಒಂದು ಕಡೆ ಬಿಟ್ಟುಹೋಗುತ್ತಿತ್ತು.

ಸುದ್ದಿ ಹೋಗಿ ಇನ್‌ಸ್ಪೆಕ್ಟರು ಮತ್ತೆ ಬಂದರು. ಊರನ್ನೆಲ್ಲ ಬಾವಿಯ ಹತ್ತಿರ ಸೇರಿಸಿ ಹೇಳಿದರು, 'ಈ ಹುಳ ಮೈಯೊಳಗೆ ಒಂದು ವರ್ಷ ಬೆಳೆಯುತ್ತೆ. ಈಗ ಎದ್ದಿರೋದು ಹೋದ ಬೇಸಿಗೆಯಲ್ಲಿ ಕುಡಿದ ನೀರಿಂದ.'

'ಬಸ್ರಿಗೇ ಒಂಬತ್ ತಿಂಗ್ಳು, ಈ ಹುಳಕ್ಕೆ ಹನ್ನೆರಡಾ ಸ್ವಾಮಿ?' ಎಂದ ಒಬ್ಬ ಮುದುಕ.

ಇನ್‌ಸ್ಪೆಕ್ಟರು ನಗಲಿಲ್ಲ. 'ನಾರು ಎದ್ದ ಕಾಲು ನೀರಿಗೆ ತಾಗಿದ ಕೂಡಲೇ ಹುಳ ಮರಿ ಬಿಡುತ್ತೆ. ಹೋದ ಬೇಸಿಗೆಯಲ್ಲಿ ಯಾರಿಗೋ ನಾರು ಇತ್ತು, ಅವರು ಈ ಬಾವಿಗೆ ಇಳಿದಿದ್ದಾರೆ. ಯಾರು ಅವರು?'

ನನ್ನ ಎಡಗಾಲು ತಣ್ಣಗಾಯಿತು. ಪಥ್ಯ ಎಂದುಕೊಂಡದ್ದು ಪಥ್ಯವಲ್ಲ ಎಂದು ಆಗ ತಿಳಿಯಿತು. ಬಾಯಿ ತೆರೆಯಬೇಕು ಅನ್ನಿಸಿತೋ, ಓಡಬೇಕು ಅನ್ನಿಸಿತೋ, ನೆನಪಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ ಕಂಕುಳಲ್ಲಿದ್ದ ಮಂಕರಿಯನ್ನು ನನ್ನ ಎಡಗಾಲಿಗೆ ಒತ್ತಿ, ಹಿಮ್ಮಡಿಯ ಗುರುತು ಮುಚ್ಚುವ ಹಾಗೆ, ದಪ್ಪನೆ ಇಟ್ಟರು.

'ನಮ್ಮನೇಲಿ ಯಾರ್ಗೂ ಇರ್ಲಿಲ್ಲ ಬುದ್ಧಿ. ದಾರಿಹೋಕರು ಯಾರೋ ಇಳ್ದಿರ್ಬೇಕು' ಎಂದರು.

ಎಲ್ಲರೂ ಹೌದೆಂದರು. ಇನ್‌ಸ್ಪೆಕ್ಟರು, ಹಾಗಾದರೆ ಮೆಟ್ಟಿಲಿಗೆ ಗೋಡೆ ಕಟ್ಟಿ ಮುಚ್ಚಿಸುತ್ತೇನೆ, ಮೇಲಿಂದ ಹಗ್ಗ ಬಿಟ್ಟು ಸೇದಿ ಎಂದರು. ಅದಕ್ಕೆ ಗಲಾಟೆಯಾಯಿತು. ಬಾಣಂತಿ ಗಂಗೆ ಪೂಜೆ ಎಲ್ಲಿ ಮಾಡಬೇಕು, ಮದುಮಗಳು ಹಗ್ಗಕ್ಕೆ ಅರಿಶಿನ ಹಚ್ಚಬೇಕಾ ಎಂದರು. ಅವರು ಮೇಲಿನವರಿಗೆ ಬರೆಯುತ್ತೇನೆ ಎಂದು ಸೈಕಲ್ ಹತ್ತಿದರು.

ಅತ್ತೆಗೆ ಗೊತ್ತಿತ್ತೇ? ಗೊತ್ತಿದ್ದರೆ ಯಾವಾಗಿನಿಂದ? ಗೊತ್ತಿದ್ದೂ ಸೋಸಿದ್ದಕ್ಕೆ ಬೈದದ್ದು ಏಕೆ? ನನ್ನನ್ನು ಉಳಿಸಿದರೋ, ಮನೆಯ ಮಾನ ಉಳಿಸಿಕೊಂಡರೋ, ಇಲ್ಲ ಮಂಕರಿ ಭಾರವಾಗಿ ಸುಮ್ಮನೆ ಕೆಳಗಿಟ್ಟರೋ? ಅವರು ಸಾಯುವ ತನಕ ಒಂದೇ ಒಲೆಯ ಮುಂದೆ ಕೂತೆವು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಂಡನ ಮೊಣಕಾಲು ಮತ್ತೆ ಪೂರ್ತಿ ಮಡಿಸಲು ಬರಲಿಲ್ಲ. ಕೊನೆಯವರೆಗೂ ಒಂದು ಕಾಲು ಚಾಚಿಯೇ ಊಟಕ್ಕೆ ಕೂರುತ್ತಿದ್ದರು. ಅವರಿಗೆ ಯಾರ ಹುಳ ಎಂದು ಗೊತ್ತಾಗಲೇ ಇಲ್ಲ. ಹೇಳಿದ್ದರೂ ಕಾಲು ಸರಿಹೋಗುತ್ತಿರಲಿಲ್ಲ.

ನನಗೆ ನಾರು ಕೊಟ್ಟವರು ಯಾರು ಎಂದೂ ಒಮ್ಮೊಮ್ಮೆ ಯೋಚಿಸುತ್ತೇನೆ. ಅಪ್ಪನೋ, ಪಕ್ಕದ ಮನೆಯವರೋ. ಅಥವಾ ಉಪಾಯ ಹೇಳಿಕೊಟ್ಟ ಅವ್ವನೇ, ಆ ನುಣ್ಣನೆಯ ಕಲ್ಲಿನ ಮೇಲೆ ಕೂತು ಕೊಟ್ಟಳೋ.

ಇನ್‌ಸ್ಪೆಕ್ಟರು ಸೈಕಲ್ ಹತ್ತಿ ಹೋದ ಮಾರನೆಯ ಬೆಳಿಗ್ಗೆ, ಯಾರೂ ಏಳುವ ಮೊದಲು ಕುರಿ ರೊಪ್ಪದ ಬೇಲಿಯಿಂದ ಜಾಲಿ ಮುಳ್ಳಿನ ದೊಡ್ಡ ಕೊಂಬೆಗಳನ್ನು ಎಳೆದುಕೊಂಡು ಹೋದೆ. ಬಾವಿಯ ಮೊದಲ ಮೆಟ್ಟಿಲಿನಿಂದ ನಾಲ್ಕನೆಯದರವರೆಗೆ ಒತ್ತೊತ್ತಾಗಿ ಹಾಕಿ, ಮೇಲೆ ಕಲ್ಲು ಹೇರಿದೆ. ಕೈಯೆಲ್ಲ ತರಚಿತು. ಆಮೇಲೆ ಮೇಲಿನ ಕಟ್ಟೆಯ ಮೇಲೆ ನಿಂತು, ತವರಿನ ಬಿಂದಿಗೆಯ ಕೊರಳಿಗೆ ಕುರಿ ಕಟ್ಟುವ ಹಗ್ಗ ಬಿಗಿದು ಬಾವಿಗೆ ಇಳಿಬಿಟ್ಟೆ. ಅದು ಗೋಡೆಗೆ ಬಡಿದು ಎರಡು ಕಡೆ ನೆಗ್ಗಿತು, ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಉಳಿದದ್ದನ್ನು ಮನೆಗೆ ತಂದು ಸೋಸಿದೆ.