ಗದ್ದೆಗೆ ಕಟ್ಟಿದ ಕ್ಯಾಸೆಟ್ ರೀಲು

ಮೊನ್ನೆ ಅಟ್ಟ ಗುಡಿಸುವಾಗ ತಗಡಿನ ಡಬ್ಬಿಯೊಳಗಿಂದ ಕ್ಯಾಸೆಟ್ಟಿನ ಕಂದು ರೀಲು ಉದ್ದಕ್ಕೆ ಹೊರಬಂತು. ನೀವಾದರೆ ಹಳೆಯ ಹಾಡೊಂದನ್ನು ನೆನೆಯುತ್ತಿದ್ದಿರೋ ಏನೋ. ನನಗೆ ನೆನಪಾದದ್ದು ನನ್ನ ಗಂಡನ ಅಣ್ಣ, ಭಾವ. ಮತ್ತೆ ಅವರ ಮೇಲೆ ಬಂದಿದ್ದ ಸಿಟ್ಟು.

ಶಿರಿಯ ಹೊಳೆಯ ಬದಿಯಲ್ಲಿ ನಮಗೊಂದು ಗದ್ದೆ ಉಂಟು. ಆಗ ಗಂಡ ದುಬೈಯಲ್ಲಿ, ಯಜಮಾನಿಕೆ ಭಾವನದು. ನೆಟ್ಟ ನೇಜಿಯನ್ನು, ಅಂದರೆ ಭತ್ತದ ಸಸಿಯನ್ನು, ಕೊಕ್ಕರೆ ತುಳಿಯುತ್ತದೆ ಅಂತ ಅವರು ಯಕ್ಷಗಾನದ ಕ್ಯಾಸೆಟ್ಟುಗಳನ್ನು ಬಿಚ್ಚಿ ಗದ್ದೆಗೆ ಅಡ್ಡಡ್ಡ ರೀಲು ಕಟ್ಟಿದರು. ಗಾಳಿಗೆ ಅದು ಝುಂಯ್ ಅನ್ನುವಾಗ ಕೊಕ್ಕರೆ ಬಿಡಿ, ಹುಳ ತಿನ್ನುವ ಕಾಜಾಣವೂ ಹತ್ತಿರ ಸುಳಿಯಲಿಲ್ಲ. ಆಮೇಲೆ ಬಂತು ನೋಡಿ ಎಲೆ ಸುರುಳಿ ಹುಳ! ಪೈರಿನ ಗರಿಗಳೆಲ್ಲ ಬೀಡಿಯ ಹಾಗೆ ಸುತ್ತಿಕೊಂಡು ಬಿಳಿಚಿದವು.

"ಮದ್ದು ಬಿಡುವ. ಈ ಸಲ ಬೆಳೆ ಹೋದರೆ ಮಣ್ಣು ತುಂಬಿಸಿ ತೆಂಗು ಇಡುವುದೇ" ಅಂದರು ಭಾವ.

ಮದುವೆಯಾಗಿ ಬಂದ ಊರಲ್ಲಿ ನನ್ನದು ಅನಿಸಿದ್ದು ಆ ಗದ್ದೆ ಒಂದೇ.

"ಮದ್ದು ಬೇಡ ಭಾವ. ಹುಳದೊಟ್ಟಿಗೆ ಜೇಡನೂ ಸಾಯ್ತದೆ. ಮತ್ತೆ ಹುಳ ಬಂದರೆ ತಿನ್ಲಿಕ್ಕೆ ಯಾರುಂಟು, ನೀವಾ?"

ಕೃಷಿಭವನದ ತರಗತಿಯಲ್ಲಿ ಒಂದು ದಿನ ಕೂತು ಬಂದ ಧೈರ್ಯ ಅದು! ಭಾವ ದುರುಗುಟ್ಟಿ ನೋಡಿ, ಆ ತಿಂಗಳ ಕೊನೆಯ ಸಂಕ್ರಾಂತಿಯ ತನಕ ಗಡುವು ಕೊಟ್ಟರು.

ಅದೇ ಸಂಜೆ ರೀಲು ಕಿತ್ತು ಸುತ್ತಿಟ್ಟೆ. ಮಳೆಗಾಲದ ಆಟಿ ತಿಂಗಳಲ್ಲಿ ಗದ್ದೆಗೆ ಕಾಸರಕ ಮರದ ಗೆಲ್ಲು ಊರುವ ಕ್ರಮ ನಮ್ಮಲ್ಲುಂಟು, ಶಾಸ್ತ್ರಕ್ಕೆ ಒಂದು. ನಾನು ಕೊಂಬೆಗಳ ಎಲೆ ಸವರಿ ಗದ್ದೆ ತುಂಬ ಊರಿದೆ.

"ಎಂತ ಮಾರಾಯ್ತಿ, ಒಂದು ಸಾಲದಾ?" ಪಕ್ಕದ ಗದ್ದೆಯ ಐಸಮ್ಮ ನಕ್ಕಳು.

"ಇದು ಹಕ್ಕಿಗೆ ಕೂರ್ಲಿಕ್ಕೆ."

ಮರುದಿನ ಅವಳೇ ಒಂದು ಹೊರೆ ಗೆಲ್ಲು ತಂದು ಹಾಕಿದಳು. ಕಾಜಾಣಗಳು ಬಂದವು, ಕೂತಲ್ಲಿಂದ ಹಾರಿ ಆ ಹುಳದ ಪತಂಗ ಹಿಡಿದವು. ಮನೆಯಲ್ಲಿ ಜೇಡನ ಬಲೆ ಕಂಡರೆ ಹಿಡಿಸೂಡಿ ಎತ್ತಿ ಗುಡಿಸುವವಳು ನಾನು, ಗದ್ದೆಯಲ್ಲಿ ಬಲೆ ತಪ್ಪಿಸಿ ಕಳ್ಳಿಯ ಹಾಗೆ ನಡೆಯುತ್ತಿದ್ದೆ.

ಸಂಕ್ರಾಂತಿಯ ದಿನ ಭಾವ ಮದ್ದಿನ ಪಂಪು ಹೊತ್ತೇ ಬಂದರು. ಹೊಸ ಗರಿಗಳು ಹಸಿರಾಗಿ ನೆಟ್ಟಗೆ ನಿಂತಿದ್ದವು. ಹಳೆಯ ಸುರುಳಿಯೊಂದನ್ನು ಬಿಡಿಸಿದರು. ಒಳಗೆ ಹುಳ ಇಲ್ಲ, ಜೇಡ. ಪಂಪು ಹೊತ್ತುಕೊಂಡು ವಾಪಸು ಹೋದರು. ಆ ವರ್ಷ ನಮ್ಮ ಗದ್ದೆಗೆ ಮಣ್ಣಿನ ಲಾರಿ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

ಮೊನ್ನೆ ಆ ರೀಲು ಹಿಡಿದು ಅಟ್ಟದಿಂದ ಕೆಳಗಿಳಿದೆ. ಭಾವ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದರು.

"ಎಂತ ಅದು?"

"ನಿಮ್ಮ ಯಕ್ಷಗಾನ."

"ಬಿಸಾಡು ಅದನ್ನು. ಗೆಲ್ಲು ಊರಿ ಆಯ್ತಾ?"

"ಇಲ್ಲ."

"ಮತ್ತೆಂತ ನೋಡ್ತಾ ನಿಂತದ್ದು? ಆಟಿ ಬಂದಾಯ್ತು" ಎಂದು ಕತ್ತಿಯನ್ನು ನನ್ನ ಕೈಗೆ ಕೊಟ್ಟರು.