ಬಾಣಂತಿ ಗುಡ್ಲಿನ ಚಿತ್ರದ ಪುಸ್ತಕ

ಕ್ಯಾತಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಸೌದೆಗೆಂದು ಹಿತ್ತಲಿಗೆ ಹೋದವಳು ಸೌದೆ ಮರೆತು ಕುರಿಮರಿ ಎತ್ತಿಕೊಂಡು ಬರುತ್ತಿದ್ದಳು. ಶಿರಾ ಸೀಮೆಯ ಆ ಗೊಲ್ಲರ ಹಟ್ಟಿಯಲ್ಲಿ ಬಾಲವಾಡಿ ಶುರುವಾದಾಗ, ನಾಲ್ಕನೇ ಕ್ಲಾಸು ಓದಿದ ಹೆಂಗಸು ಇವಳೊಬ್ಬಳೇ ಎಂದು ಇವಳನ್ನೇ ಟೀಚರಮ್ಮ ಮಾಡಿದರು. ಇಪ್ಪತ್ತು ಮಕ್ಕಳ ಹಿಂದೆ ಓಡುವುದಕ್ಕೆ ಇವಳಿಗಿಂತ ತಕ್ಕವರು ಸಿಗುತ್ತಿರಲಿಲ್ಲ, ಅದಂತೂ ನಿಜ.

ಎಂಬತ್ತಮೂರರಲ್ಲಿ ಹೊಸ ಆರ್ಡರು ಬಂತು. ಇನ್ನು ಮೇಲೆ ಹತ್ತನೇ ಕ್ಲಾಸು ಪಾಸಾದವರಿಗೇ ಈ ಕೆಲಸ. ಸೂಪರ್‌ವೈಸರ್ ರಾಜಲಕ್ಷ್ಮಮ್ಮ ಒಳ್ಳೆಯವರು, ಒಂದು ದಾರಿ ತೋರಿಸಿದರು. ಕ್ಯಾತಮ್ಮ ತಾನೇ ಮಾಡಿದ ಚಿತ್ರದ ಪುಸ್ತಕವನ್ನು ಶನಿವಾರ ಮಧುಗಿರಿಯ ಮೀಟಿಂಗಿಗೆ ತಂದು ದೊಡ್ಡ ಆಫೀಸರಿಗೆ ತೋರಿಸಿದರೆ, ಈಕೆಯನ್ನು ಉಳಿಸಿಕೊಳ್ಳಿ ಎಂದು ಹೇಳಲು ತಮಗೂ ಬಾಯಿ ಬರುತ್ತದೆ ಎಂದರು.

ಪುಸ್ತಕವೆಂದರೆ ಹಳೇ ಕ್ಯಾಲೆಂಡರಿನ ಹಿಂಬದಿಗಳು, ರಟ್ಟು ಸೇರಿಸಿ ದಬ್ಬಣದಲ್ಲಿ ಹೊಲಿದದ್ದು. ಕೆಮ್ಮಣ್ಣು, ಅರಿಶಿನ, ಇದ್ದಿಲು, ಅವರೆ ಸೊಪ್ಪಿನ ರಸ, ಇಷ್ಟೇ ಬಣ್ಣ. ಒಬ್ಬ ಹುಡುಗಿ ಬಾಯಾರಿದ ಕುರಿಮರಿಗೆ ತನ್ನ ಕೊಡದ ನೀರು ಕುಡಿಸುತ್ತಾಳೆ. ಮುಂದೆ ಮುದುಕನೊಬ್ಬನ ಕಾಲಿನ ಮುಳ್ಳು ಕೀಳುತ್ತಾಳೆ. ಆ ಮುದುಕ ಮಳೆಯಲ್ಲಿ ನೆನೆಯುವ ಇನ್ನಾರಿಗೋ ತನ್ನ ಕಂಬಳಿ ಹೊದಿಸುತ್ತಾನೆ. ಹೀಗೆ ಒಂಬತ್ತು ಹಾಳೆ, ಒಂದಕ್ಷರವಿಲ್ಲ. ಮೊದಲು ಕೆಳಗೆ ಒಂದೊಂದು ಸಾಲು ಬರೆದೇ ನೋಡಿದ್ದಳು. ಬರೆದದ್ದೇ ತಡ, ಟೀಚರಮ್ಮ ಓದಲಿ ಎಂದು ಮಕ್ಕಳು ಬಾಯಿ ಮುಚ್ಚಿಕೊಂಡು ಕೂತವು. ಸಿಟ್ಟಿಗೆ ಸಾಲುಗಳ ಮೇಲೆ ಸುಣ್ಣ ಬಳಿದಳು. ಮಕ್ಕಳು ಮತ್ತೆ ಕತೆ ಹೇಳತೊಡಗಿದವು.

ಗುರುವಾರ ನಾಲ್ಕು ವರ್ಷದ ಚಿತ್ತಿ ಉಪ್ಪಿಟ್ಟು ಮುಟ್ಟಲಿಲ್ಲ. ಅವಳ ಅವ್ವ ಗಿರಿಯಮ್ಮ ಹೆತ್ತು ಹತ್ತು ದಿನವಾಗಿತ್ತು. ಕಟ್ಟಳೆಯಂತೆ ಬಾಣಂತಿ, ಮಗು ಇಬ್ಬರೂ ಹಟ್ಟಿಯಾಚೆಯ ಗುಡ್ಲಿನಲ್ಲಿ. ಗುಡ್ಲಿನ ಮುಂದೆ ಒಂದು ಕಲ್ಲುಸಾಲು. ಅದನ್ನು ದಾಟಿ ಹೆತ್ತ ಮಗಳೂ ಅವ್ವನನ್ನು ಮುಟ್ಟುವಂತಿಲ್ಲ. ಅಲ್ಲಿಗೆ ಹೋದ ಸಾಮಾನು ತೊಳೆಯದೆ ಹಟ್ಟಿಗೆ ವಾಪಸು ಬರುವಂತಿಲ್ಲ. ಕ್ಯಾತಮ್ಮನೇನು ಇದನ್ನು ಅರಿಯದವಳೇ, ಇಬ್ಬರನ್ನು ಅಲ್ಲೇ ಹೆತ್ತವಳು. ಆದರೂ ಚಿತ್ತಿಯ ಅಳು ನೋಡಲಾರದೆ, ನಾಳೆ ತಂದುಕೊಡು ಎಂದು ಪುಸ್ತಕ ಕೊಟ್ಟು ಕಳಿಸಿದಳು. ಯೋಚಿಸಿ ಮಾಡುವ ಅಭ್ಯಾಸ ಅವಳಿಗಿದ್ದರೆ ತಾನೆ.

ಶುಕ್ರವಾರ ಚಿತ್ತಿ ಬರಿಗೈಲಿ ಬಂದಳು. ಪುಸ್ತಕ ಎಲ್ಲಿ ಎಂದರೆ, "ಅವ್ವುಂಗೆ ಎಸ್ದೆ" ಎಂದಳು.

ಕ್ಯಾತಮ್ಮ ಹಣೆ ಚಚ್ಚಿಕೊಂಡಳು. ಬಟ್ಟೆಯಾದರೆ ಒಗೆಯಬಹುದು, ಪಾತ್ರೆಯಾದರೆ ಬೆಳಗಬಹುದು, ಕಾಗದವನ್ನು ಏನು ಮಾಡುವುದು? ಹಾಡು ಹೇಳಿಕೊಡಲು ಹೋಗಿ ನಡುವೆ ಮರೆತಳು. ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಕಡೆಗೊಂದು ಉಪಾಯ ಹೊಳೆಯಿತು. ಹಟ್ಟಿಗೆ ತಂದರೆ ತಾನೆ ತಪ್ಪು? ಬೆಳಿಗ್ಗೆ ಗುಡ್ಲಿನಿಂದಲೇ ತೆಗೆದುಕೊಂಡು ನೇರ ಬಸ್ಸು ಹತ್ತಿದರೆ, ಬರುವಾಗ ಕೆರೆಯಲ್ಲಿ ಮಿಂದು ಬಂದರೆ, ಯಾರಿಗೆ ಗೊತ್ತಾಗಬೇಕು?

ಶನಿವಾರ ಹೊತ್ತು ಮೂಡುವಾಗಲೇ ಹೊರಟಳು. ಅವಳಿಗಿಂತ ಮುಂಚೆ ಚಿತ್ತಿ ಅಲ್ಲಿದ್ದಳು, ಕಲ್ಲುಸಾಲಿನ ಈಚೆ ಕುಕ್ಕರುಗಾಲಲ್ಲಿ. ಗುಡ್ಲಿನ ಬಾಯಲ್ಲಿ ಗಿರಿಯಮ್ಮ ಪುಸ್ತಕ ಎತ್ತಿ ಹಿಡಿದಿದ್ದಳು.

"ಅವ್ವಾ, ಈಗ ತಾತನ ಕಾಲ್ ಮುಳ್ಳು ಕೀಳ್ತಾಳೆ. ಅಳ್‌ಬ್ಯಾಡ ತಾತ ಅಂತಾಳೆ" ಎಂದು ಚಿತ್ತಿ ಹೇಳುತ್ತಿದ್ದಳು. ಅವ್ವ ಹಾಳೆ ತಿರುವಿದಳು. ಅಕ್ಷರವಿದ್ದಿದ್ದರೂ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ, ಕಂಡರೂ ಓದಲು ಇಬ್ಬರಿಗೂ ಬರುತ್ತಿರಲಿಲ್ಲ. ಕೆಮ್ಮಣ್ಣಿನ ಹುಡುಗಿ ಮಾತ್ರ ಚೆನ್ನಾಗಿ ಕಾಣುತ್ತಿದ್ದಳು.

ಕ್ಯಾತಮ್ಮನ ಕಾಲು ನಿಂತಿತು. ಎಪ್ಪತ್ತೆರಡರಲ್ಲಿ ಕಿರಿಯವನನ್ನು ಹೆತ್ತಾಗ, ಹಿರಿಮಗಳು ರಂಗಿ ಇದೇ ಕಲ್ಲಿನ ಈಚೆ ನಿಂತು ಅತ್ತಿದ್ದಳು. ಆಗ ಎತ್ತಿ ತೋರಿಸಲು ಇವಳ ಕೈಯಲ್ಲಿ ಏನೂ ಇರಲಿಲ್ಲ.

ಗಿರಿಯಮ್ಮ ಇವಳನ್ನು ಕಂಡವಳೇ ಪುಸ್ತಕ ಮುಚ್ಚಿ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. "ತಗಂಡೋಗಕ್ಕ. ನಿನ್ ಕೆಲ್ಸಕ್ಕೆ ಬೇಕಂತೆ, ನಂಗೊತ್ತಿರ್ಲಿಲ್ಲ."

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕ್ಯಾತಮ್ಮ ಬಗ್ಗಿದಳು. ಚಿತ್ತಿ ಅವಳ ಕೈಯನ್ನೇ ನೋಡುತ್ತಿದ್ದಳು.

"ಇನ್ನೂ ಆರ್ ಹಾಳೆ ಐತಲ್ಲ ಕಣಮ್ಮ, ತೋರ್ಸು" ಎಂದವಳೇ ಕ್ಯಾತಮ್ಮ ಬಸ್ಸಿಗೆ ಓಡಿದಳು.

ಮಧುಗಿರಿಯಲ್ಲಿ ರಾಜಲಕ್ಷ್ಮಮ್ಮ ಪುಸ್ತಕವೆಲ್ಲಿ ಎಂದು ಕೇಳಿದರು. "ಓದ್ತಾವ್ರೆ ಮೇಡಂ, ಇನ್ನೂ ಮುಗ್ದಿಲ್ಲ" ಎಂದಳು. ಹಟ್ಟಿಯ ಕಟ್ಟಳೆಯನ್ನು ಅಷ್ಟು ಜನರ ಮುಂದೆ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ತಿಂಗಳೊಳಗೆ ಕೊರಟಗೆರೆಯಿಂದ ಹತ್ತನೇ ಕ್ಲಾಸಿನ ಹುಡುಗಿ ಟೀಚರಮ್ಮನಾಗಿ ಬಂದಳು, ಕ್ಯಾತಮ್ಮ ಉಪ್ಪಿಟ್ಟು ಕೆದಕುವ ಆಯಾ ಆದಳು. ಸಿಟ್ಟು ಬರಲಿಲ್ಲವೆಂದರೆ ಸುಳ್ಳು. ಬಾಲವಾಡಿಯ ಪಾತ್ರೆಗಳಿಗೆ ಅದು ಗೊತ್ತು. ಇನ್ನೊಂದು ಪುಸ್ತಕ ಮಾಡು ಎಂದವರ ಮೇಲೆಲ್ಲ ರೇಗಿದಳು. ಮಾಡಲೂ ಇಲ್ಲ.

ಎಂಬತ್ತೆಂಟರಲ್ಲಿ ರಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಹೆತ್ತು, ಗುಡ್ಲು ಸೇರಿದಳು. ಊಟದ ಬುಟ್ಟಿ ಕಲ್ಲಿನ ಮೇಲಿಟ್ಟು, ಮಗಳ ತಲೆ ಸವರಲಾಗದೆ, ಕ್ಯಾತಮ್ಮ ಕಲ್ಲುಸಾಲಿನುದ್ದಕ್ಕೂ ತಿರುಗಾಡುತ್ತಿದ್ದಳು. ರಂಗಿ ಸೂರಿನ ಹುಲ್ಲಿನೊಳಗೆ ಕೈ ಹಾಕಿ ಏನನ್ನೋ ಎಳೆದು ಎತ್ತಿ ಹಿಡಿದಳು. ಅದೇ ಪುಸ್ತಕ. ಐದು ವರ್ಷ ಒಬ್ಬ ಬಾಣಂತಿ ಇನ್ನೊಬ್ಬಳಿಗೆಂದು ಬಿಟ್ಟುಹೋಗಿ ಅಂಚೆಲ್ಲ ಸವೆದಿತ್ತು.

ರಂಗಿ ಒಂದೊಂದೇ ಹಾಳೆ ತಿರುವಿದಳು. ಒಂಬತ್ತು ಮುಗಿದ ಮೇಲೆ ರಟ್ಟಿನ ಒಳಬದಿಯಲ್ಲಿ ಇನ್ನೊಂದು ಚಿತ್ರವಿತ್ತು. ಅದು ಕ್ಯಾತಮ್ಮ ಬರೆದದ್ದಲ್ಲ. ಪಳಗದ ಕೈಯ ಇದ್ದಿಲು ಗೆರೆ. ಒಂದು ಗುಡ್ಲು, ಕಲ್ಲುಸಾಲು, ಆಚೆ ಪುಸ್ತಕ ಎತ್ತಿ ಹಿಡಿದ ಹೆಂಗಸು, ಈಚೆ ಒಂದು ಹುಡುಗಿ. ದೂರದಲ್ಲಿ, ಬಸ್ಸಿನ ಕಡೆಗೆ ಬರಿಗೈಲಿ ಓಡುವ ಇನ್ನೊಬ್ಬ ಹೆಂಗಸು.

"ಅವ್ವಾ, ಇದ್ರಾಗೆ ಓಡೋಳು ಯಾರು?" ಎಂದು ರಂಗಿ ಕೇಳಿದಳು.

ಕ್ಯಾತಮ್ಮ ಕಲ್ಲಿನ ಈಚೆ ನೆಲದ ಮೇಲೆ ಕೂತಳು. ಹೊತ್ತು ಇಳಿಯುವವರೆಗೂ ಏಳಲಿಲ್ಲ.