ಕಿಬಾಲೆ ಕಾಡಿನ ಬಾಗಿಲಲ್ಲಿ ಮುನಿಗಂಗಮ್ಮ

ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ಮುನಿಗಂಗಮ್ಮ ವಿಜ್ಞಾನದ ಮೇಡಂ. ಎಂಬತ್ತೇಳನೇ ಇಸವಿಯಲ್ಲಿ ಒಂದು ದಿನ ಜೀವವಿಕಾಸದ ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, “ಚಿಂಪಾಂಜಿ ಕಾಡಲ್ಲಿ ಹೆಂಗಿರ್ತವೆ ಮೇಡಂ? ನೀವು ನೋಡಿದೀರಾ?” ಎಂದಳು. ಅವು ಕಡ್ಡಿ ತೂರಿಸಿ ಗೆದ್ದಲು ಹಿಡಿಯುವುದು, ಸಂಜೆಯಾದರೆ ಮರದ ಮೇಲೆ ಸೊಪ್ಪಿನ ಹಾಸಿಗೆ ಮಾಡಿಕೊಳ್ಳುವುದು, ಓದಿದ್ದನ್ನೆಲ್ಲ ಹೇಳಿದರು. ಆದರೆ “ನೋಡಿಲ್ಲಮ್ಮ” ಎನ್ನುವಾಗ ಯಾಕೋ ಪಿಚ್ಚೆನಿಸಿತು. ಅವತ್ತು ಹುಟ್ಟಿದ ಆಸೆ ಮತ್ತೆ ಹೋಗಲೇ ಇಲ್ಲ.

ಆಸೆಗೆ ದಾರಿ ಕಂಡದ್ದು ತಮ್ಮ ನಲ್ಲಪ್ಪ ಗಣಿತದ ಮೇಷ್ಟ್ರಾಗಿ ಉಗಾಂಡಕ್ಕೆ ಹೋದ ಮೇಲೆ. ತೊಂಬತ್ತೈದರಲ್ಲಿ ರಜೆಗೆ ಬಂದವನು ಊಟಕ್ಕೆ ಕೂತಾಗ, “ಅಕ್ಕಾ, ನಾನಿರೋ ಊರಿಂದ ಕಿಬಾಲೆ ಕಾಡು ಹತ್ರ. ಗೈಡ್ ಜೊತೆ ನಡ್ಕೊಂಡು ಹೋಗಿ ಚಿಂಪಾಂಜಿ ನೋಡ್ಬೋದು. ಭಾವನ್ನೂ ಕರ್ಕೊಂಡು ಬಂದ್ಬಿಡು” ಎಂದ.

ಆ ಭಾವ, ಮುನಿಗಂಗಮ್ಮನವರ ಗಂಡ ನರಸಿಂಹಪ್ಪ, ಕಚೇರಿಯ ಗುಮಾಸ್ತರು, ತಿರುಪತಿಯಾಚೆ ಹೋದವರಲ್ಲ. “ನಮ್ಮ ಅಂಬಾಜಿದುರ್ಗದ ಬೆಟ್ಟದಲ್ಲಿ ಕೋತಿ ಕಮ್ಮಿ ಇದಾವೇನೇ?” ಎಂದು ಹೆಂಡತಿಯನ್ನು ಕೇಳಿದರು.

“ಅದು ಕೋತಿ ಅಲ್ಲ ಕಣ್ರೀ. ಬಾಲ ಇಲ್ಲ.”

“ಬಾಲ ಇಲ್ದಿರೋರು ನಮ್ಮ ಆಫೀಸಲ್ಲೇ ಬೇಕಾದಷ್ಟು ಜನ ಇದಾರೆ.”

ಹೀಗೆ ನಗಾಡಿದವರೇ ಮುಂದಿನ ವಾರ ಪಾಸ್‌ಪೋರ್ಟಿನ ಫೋಟೋಕ್ಕೆಂದು ಕೋಟು ಹಾಕಿಕೊಂಡು ಸ್ಟುಡಿಯೋದಲ್ಲಿ ಕೂತರು. ಹೆಂಡತಿಯೊಬ್ಬಳನ್ನೇ ಕಳಿಸಲು ಅವರಿಗೆ ಧೈರ್ಯವಿರಲಿಲ್ಲ, ಬೇಡವೆನ್ನಲು ಬಾಯಿ ಬರಲಿಲ್ಲ.

ಆ ಕಾಡಿನಲ್ಲಿ ನಡೆಯುವುದು ಸುಲಭವಲ್ಲ, ಕೆಸರು, ಬೇರು, ಬಳ್ಳಿ ಎಂದು ನಲ್ಲಪ್ಪ ಎಚ್ಚರಿಸಿದ್ದ. ಅದಕ್ಕೇ ಬಿಡುವಿದ್ದ ಭಾನುವಾರ ಗಂಡ ಹೆಂಡತಿ ಚಿಂತಾಮಣಿಯ ಬಸ್ಸು ಹಿಡಿದು ಅಂಬಾಜಿದುರ್ಗ ಹತ್ತತೊಡಗಿದರು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಕಂಡು ಪಕ್ಕದ ಮನೆಯ ಅಮ್ಮಾಜಮ್ಮ, “ಏಮಮ್ಮಾ, ಈ ವಯಸ್ನಾಗೆ ಬೆಟ್ಟ ಹತ್ತಾ ಇದೀರಾ? ಹರಕೆ ಏನಾನ ಇದ್ಯಾ?” ಎಂದು ಕೇಳಿದರು. “ಹೂಂ, ಹರಕೇನೇ ಅನ್ಕೊಳ್ಳಿ” ಎಂದು ಮುನಿಗಂಗಮ್ಮ ನಕ್ಕರು. ಬೆಂಗಳೂರಿಗೆ ಹೋಗಿ, ಉಗಾಂಡಕ್ಕೆ ಹೋಗುವವರು ಹಾಕಿಸಿಕೊಳ್ಳಲೇಬೇಕಾದ ಹಳದಿ ಜ್ವರದ ಇಂಜೆಕ್ಷನ್ನೂ ಆಯಿತು. ನರಸಿಂಹಪ್ಪ ಎರಡು ದಿನ ತೋಳು ಹಿಡಿದುಕೊಂಡು ಗೊಣಗಿದರು.

ಮಾರನೇ ವರ್ಷ ಬೇಸಿಗೆ ರಜೆಯಲ್ಲಿ ಹೊರಟರು. ವಿಮಾನದ ಚಳಿಗೋ ಏನೋ, ತಮ್ಮನ ಮನೆ ಸೇರುವ ಹೊತ್ತಿಗೆ ಮುನಿಗಂಗಮ್ಮನವರ ಗಂಟಲು ಕೆರೆಯತೊಡಗಿತ್ತು. ಕಾಡಿನ ಬಾಗಿಲಲ್ಲಿ ಎಲ್ಲರನ್ನೂ ನಿಲ್ಲಿಸಿ ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಲ್ಲಪ್ಪ ಭಾವನಿಗೆ ತಿಳಿಸಿದ: “ಕೆಮ್ಮು, ನೆಗಡಿ ಇರೋರು ಒಳಗೆ ಬರಂಗಿಲ್ಲ. ನಮ್ಮ ಕಾಯಿಲೆ ಅವಕ್ಕೆ ತಗುಲಿದ್ರೆ ಸತ್ತೇ ಹೋಗ್ತವಂತೆ.”

ಮುನಿಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಲ್ಲಪ್ಪ ಹತ್ತಿರ ಬಂದು, “ಮಾತ್ರೆ ತಗೊಂಡಿದೀಯಲ್ಲ, ಸುಮ್ನಿರಕ್ಕ. ಯಾರಿಗೂ ಗೊತ್ತಾಗಲ್ಲ” ಎಂದು ಪಿಸುಗುಟ್ಟಿದ. ಹೌದು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎದುರಿಗೇ ಕಾಡು. ಇಷ್ಟು ವರ್ಷ ಕಾದದ್ದು ಇದಕ್ಕೇ. ಆದರೂ ಮುನಿಗಂಗಮ್ಮ ಗೈಡ್ ಬಳಿ ಹೋಗಿ, ತಮಗೆ ಕೆಮ್ಮಿದೆ, ಬರುವುದಿಲ್ಲ ಎಂದುಬಿಟ್ಟರು.

“ನೀನಿಲ್ದೆ ನನಗೇನೇ ಕೆಲಸ ಅಲ್ಲಿ?” ಎಂದು ನರಸಿಂಹಪ್ಪ ಬೆಂಚಿನ ಮೇಲೆ ಕೂತರು.

“ಏಳಿ ಮೇಲೆ. ಇಬ್ರೂ ನೋಡ್ದೇ ಹೋದ್ರೆ ನನಗೆ ಹೇಳೋರು ಯಾರು?”

ನರಸಿಂಹಪ್ಪ ತಿರುತಿರುಗಿ ನೋಡುತ್ತ ನಲ್ಲಪ್ಪನ ಜೊತೆ ಹೋದರು. ಮರಗಳು ಇಬ್ಬರನ್ನೂ ಮರೆ ಮಾಡಿದ ಮೇಲೆ ಮುನಿಗಂಗಮ್ಮ ಬೆಂಚಿನ ಮೇಲೆ ಕೂತು ಅತ್ತರು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕಾಡಿನೊಳಗಿಂದ ಕೂಗೊಂದು ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ಏರುತ್ತ ಏರುತ್ತ, ಒಂದಕ್ಕೆ ಇನ್ನೊಂದು ಸೇರಿ, ಕೊನೆಗೆ ಯಾರೋ ಮರದ ಬುಡಕ್ಕೆ ಧಬಧಬ ಬಡಿದ ಸದ್ದು. ಚಿಂಪಾಂಜಿಗಳೇ! ಮುನಿಗಂಗಮ್ಮ ತಮಗೆ ಅರಿವಿಲ್ಲದೆಯೇ ಎದ್ದು ನಿಂತಿದ್ದರು.

ಮಧ್ಯಾಹ್ನ ನರಸಿಂಹಪ್ಪ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದರು. ಕೆಸರು ತಾಗದಂತೆ ಹೆಂಡತಿಯಿಂದ ಸ್ವಲ್ಪ ದೂರ ಕೂತು ಶುರು ಮಾಡಿದರು: “ಒಂದು ತಾಯಿ ಇತ್ತು ಕಣೇ. ಮಳೆ ಹನಿ ಬಿತ್ತು ನೋಡು, ಮಗೂನ ಹೊಟ್ಟೆಗೆ ಅವುಚ್ಕೊಂಡು ಅದರ ಮೇಲೆ ಬಗ್ಗಿಬಿಡ್ತು.”

“ಕೈ ಹೆಂಗೆ ಇಟ್ಕೊಂಡಿತ್ತು? ಸರಿಯಾಗಿ ಹೇಳಿ.”

ಕಚೇರಿಯಿಂದ ಬಂದರೆ ಎರಡು ಮಾತಾಡದ ಮನುಷ್ಯ, ಎದ್ದು ಎಲ್ಲರೆದುರೇ ಆ ಕೆಂಪು ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು, ತೋಳು ಸುತ್ತಿಕೊಂಡು ತೋರಿಸಿದರು. ಮುನಿಗಂಗಮ್ಮ ನಗುತ್ತ ನಗುತ್ತ ಕೆಮ್ಮತೊಡಗಿದರು. ನರಸಿಂಹಪ್ಪ ಗಡಬಡಿಸಿ ಎದ್ದು ಬಿಸಿನೀರು ಕೇಳಲು ಹೋದರು.